ಲಾಲ್‌ಬಾಗೋ, ಕಬ್ಬನ್ ಪಾರ್ಕೋ? ಗೈಡ್ ಜೊತೆ ನಡೆಯಲು ಹೊರಟವರಿಗೆ

ಬೆಂಗಳೂರಲ್ಲಿ ವಾರಾಂತ್ಯ ಹತ್ತಿರ ಬಂದರೆ ಸಾಕು, ಹೆರಿಟೇಜ್ ವಾಕ್, ನೇಚರ್ ವಾಕ್, ಟ್ರೀ ವಾಕ್ ಅಂತ ಒಂದರ ಹಿಂದೊಂದು ಪೋಸ್ಟರ್ ಫೋನಿಗೆ ಬರುತ್ತವೆ. ಅವುಗಳಲ್ಲಿ ಬಹಳಷ್ಟು ನಡೆಯುವುದು ಎರಡೇ ಕಡೆ. ಒಂದೋ ಲಾಲ್‌ಬಾಗ್, ಇಲ್ಲವೋ ಕಬ್ಬನ್ ಪಾರ್ಕ್. ಎರಡೂ ಹಳೆಯವು, ಎರಡರಲ್ಲೂ ದೊಡ್ಡ ಮರಗಳಿವೆ, ಎರಡರ ಬಾಗಿಲಿಗೂ ಮೆಟ್ರೊ ಬರುತ್ತದೆ. ಒಂದೇ ಭಾನುವಾರ ಬಿಡುವಿದೆ, ಎರಡರಲ್ಲಿ ಯಾವುದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮರ, ಹೂವು, ಹಕ್ಕಿ, ಕಲ್ಲು ನೋಡುವ ಆಸೆ ಇದ್ದರೆ ಲಾಲ್‌ಬಾಗ್. ಈ ಊರನ್ನು ಯಾರು ಆಳಿದರು, ಯಾರ ಪ್ರತಿಮೆ ಯಾಕೆ ಅಲ್ಲೇ ನಿಂತಿದೆ ಅನ್ನುವ ಕುತೂಹಲ ಇದ್ದರೆ ಕಬ್ಬನ್ ಪಾರ್ಕ್. ಮೊದಲ ಸಲ ಇಂಥ ವಾಕ್‌ಗೆ ಹೋಗುವವರಾದರೆ ಯೋಚನೆಯೇ ಬೇಡ, ಲಾಲ್‌ಬಾಗ್‌ಗೆ ಹೋಗಿ. ಇಷ್ಟಾದರೂ ಜಾಗಕ್ಕಿಂತ ಜಾಸ್ತಿ ಮುಖ್ಯವಾದದ್ದು ಕರೆದುಕೊಂಡು ಹೋಗುವವರು. ಗೈಡ್ ಚೆನ್ನಾಗಿದ್ದರೆ ಯಾವ ಪಾರ್ಕಾದರೂ ಬೆಳಗ್ಗೆ ಸಾರ್ಥಕ. ಗೈಡ್ ಸಪ್ಪೆಯಾದರೆ ಲಾಲ್‌ಬಾಗೂ ಬರೀ ಕಾಲುನೋವು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಎರಡು ಜಾಗಗಳನ್ನೂ ನೋಡೋಣ.

ಲಾಲ್‌ಬಾಗ್

1760ರಲ್ಲಿ ಹೈದರ್ ಅಲಿ ಶುರು ಮಾಡಿದ, ಟಿಪ್ಪು ಬೇರೆ ಬೇರೆ ದೇಶಗಳಿಂದ ಸಸಿ, ಬೀಜ ತರಿಸಿ ಬೆಳೆಸಿದ, 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು, ಈಗ 240 ಎಕರೆ ಇದೆ. ಇಷ್ಟನ್ನು ಎಲ್ಲ ಗೈಡ್‌ಗಳೂ ಗೇಟಿನ ಹತ್ತಿರವೇ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅದು ಫಲಕ ಓದಿದರೂ ಗೊತ್ತಾಗುತ್ತದೆ. ದುಡ್ಡು ಕೊಟ್ಟು ಹೋಗುವುದು ಅದಕ್ಕಲ್ಲ.

ಲಾಲ್‌ಬಾಗ್‌ನ ನಿಜವಾದ ಹಿರಿಯ ಯಾವುದೇ ಮರವಲ್ಲ, ಅಲ್ಲಿನ ಬಂಡೆ. ಡಬಲ್ ರೋಡ್ ಕಡೆಯ ಗೇಟಿನಿಂದ ಒಳಗೆ ಬಂದರೆ ಎದುರಿಗೇ ಗುಡ್ಡದ ಹಾಗೆ ಹರಡಿಕೊಂಡಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ದಕ್ಷಿಣ ಭಾರತದ ಬಹುಭಾಗದ ನೆಲಕ್ಕೆ ಬುನಾದಿ ಇದೇ ಜಾತಿಯ ಕಲ್ಲು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎನ್ನುವವರು 1916ರಲ್ಲಿ ಇದಕ್ಕೆ ಪೆನಿನ್ಸುಲರ್ ನೈಸ್ ಅಂತ ಹೆಸರಿಟ್ಟರು. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿತು. ಬೆಳಗ್ಗೆ ಓಡಾಡುವವರಲ್ಲಿ ಎಷ್ಟೋ ಜನ ಇದರ ಮೇಲೆ ಕೂತು ಸೂರ್ಯ ನಮಸ್ಕಾರ ಮಾಡಿ ಇಳಿದು ಹೋಗುತ್ತಾರೆ, ಕೆಳಗೆ ಏನಿದೆ ಅಂತ ನೋಡುವುದೇ ಇಲ್ಲ.

ಒಳ್ಳೆಯ ಗೈಡ್ ಇಲ್ಲಿ ನಿಮ್ಮನ್ನು ಬಗ್ಗಿಸುತ್ತಾರೆ. ಬಂಡೆಯನ್ನು ಹತ್ತಿರದಿಂದ ನೋಡಿದರೆ ಬಿಳಿ ಪಟ್ಟೆ, ಕಪ್ಪು ಪಟ್ಟೆ ಕಾಣುತ್ತವೆ. ಬಿಳಿಯದ್ದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್, ಕಪ್ಪಗಿನದರಲ್ಲಿ ಕಾಗೆಬಂಗಾರದಂಥ ಖನಿಜಗಳು. ನೆಲದ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲು ಮೆತ್ತಗಾಗಿ ಬಾಗಿದ್ದಕ್ಕೆ ಆ ಪಟ್ಟೆಗಳು ಸೊಟ್ಟಸೊಟ್ಟ. ಬೆರಳಿಟ್ಟು ಒಂದು ಪಟ್ಟೆಯನ್ನೇ ಹಿಡಿದು ಹೋದರೆ ಎಲ್ಲಿ ಮಡಚಿಕೊಂಡಿದೆ, ಎಲ್ಲಿ ಹರಿದಿದೆ ಅಂತ ಕೈಗೇ ಗೊತ್ತಾಗುತ್ತದೆ. ಆಮೇಲೆ ತಲೆ ಎತ್ತಿದರೆ ಅದೇ ಬಂಡೆಯ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಊರಿನ ನಾಲ್ಕು ಕಡೆ ಎದ್ದ ನಾಲ್ಕು ಗೋಪುರಗಳಲ್ಲಿ ಇದೊಂದು. ಊರು ಇಲ್ಲಿಗೆ ಮುಗಿಯಿತು ಅಂತ ಒಂದು ಕಾಲಕ್ಕೆ ಅಂದುಕೊಂಡಿದ್ದ ಜಾಗ. ಈಗ ಅಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಕಟ್ಟಡಗಳೇ.

ಕಲ್ಲು ಮುಗಿದ ಮೇಲೆ ಜನರ ಕಥೆ. ಲಾಲ್‌ಬಾಗ್ ನೋಡಿಕೊಂಡವರಲ್ಲಿ ಇಬ್ಬರನ್ನು ಗೈಡ್ ಬಿಡಲೇಬಾರದು. ಒಬ್ಬರು ಜಾನ್ ಕ್ಯಾಮರಾನ್. ಗಾಜಿನ ಮನೆ ಎದ್ದದ್ದು ಅವರ ಕಾಲದಲ್ಲಿ. ಅದಕ್ಕೆ 1889ರ ನವೆಂಬರ್‌ನಲ್ಲಿ ಅಡಿಗಲ್ಲು ಇಟ್ಟದ್ದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಕಟ್ಟಿದ್ದು ಅನ್ನುತ್ತಾರೆ. ನನಗೆ ಗಾಜಿನ ಮನೆಗಿಂತ ಇಷ್ಟವಾಗುವ ವಿಷಯ ಬೇರೆ. ನಮ್ಮ ಸಾಂಬಾರಿಗೆ ಬೀಳುವ ಸೀಮೆಬದನೆಕಾಯಿಯನ್ನು ಈ ಊರಿಗೆ ತಂದು ಬೆಳೆಸಿದವರೂ ಇದೇ ಕ್ಯಾಮರಾನ್. ಅದರ ತವರು ಮೆಕ್ಸಿಕೊ ಕಡೆ. ಈಗ ಬೇರೆ ಊರಿನವರು ಅದನ್ನು ಬೆಂಗಳೂರು ಬದನೆ ಅಂತಲೇ ಕರೆಯುತ್ತಾರೆ!

ಇನ್ನೊಬ್ಬರು ಜರ್ಮನಿಯಿಂದ ಬಂದ ಕ್ರುಂಬಿಗಲ್. 1908ರಿಂದ 1932ರವರೆಗೆ ಇಲ್ಲಿದ್ದರು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿಯ ಮರದ ಹೂವು ಉದುರುವಾಗ ಇನ್ನೊಂದು ಜಾತಿ ಅರಳಬೇಕು, ವರ್ಷವಿಡೀ ಎಲ್ಲೋ ಒಂದು ಕಡೆ ಬಣ್ಣ ಇರಬೇಕು ಅಂತ ಲೆಕ್ಕ ಹಾಕಿ ಮರ ಆರಿಸಿದವರು ಅವರು. ಈ ಲೆಕ್ಕ ಗೊತ್ತಾದ ಮೇಲೆ ನೀವು ಮನೆಗೆ ಹೋಗುವ ದಾರಿಯ ಮರಗಳನ್ನೂ ಬೇರೆ ರೀತಿ ನೋಡುತ್ತೀರಿ. ಇನ್ನೊಂದು ತಮಾಷೆ ಇದೆ. ನಾವು ನಮ್ಮವೇ ಅಂದುಕೊಂಡ ಮರಗಳಲ್ಲಿ ಎಷ್ಟೊಂದು ಹೊರಗಿನವು! ಗುಲ್‌ಮೊಹರ್ ಮಡಗಾಸ್ಕರ್‌ನದು. ಮಳೆಮರ, ಜಕರಂಡ, ಟಬೆಬುಯಾ ಅಮೆರಿಕ ಖಂಡದವು. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ನಾಗಲಿಂಗವೂ ದಕ್ಷಿಣ ಅಮೆರಿಕದಿಂದ ಬಂದು ಶಿವನ ಪೂಜೆಗೆ ಸೇರಿಕೊಂಡಿದೆ.

ನಾಗಲಿಂಗದ ಮರದ ಹತ್ತಿರ ಗೈಡ್ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಅನ್ನುವುದು ನನ್ನ ಪ್ರಕಾರ ಒಳ್ಳೆಯ ಪರೀಕ್ಷೆ. ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ. ಕಾಂಡದಿಂದಲೇ ಹೊರಡುವ ಬಳ್ಳಿಯಂಥ ಕಡ್ಡಿಗಳಲ್ಲಿ ಬಿಡುತ್ತದೆ. ಕೆಳಗೆ ಬಿದ್ದ ಹೂವೊಂದನ್ನು ಎತ್ತಿ ನೋಡಿ. ದಪ್ಪ ಎಸಳುಗಳ ಮಧ್ಯೆ ಒಂದು ಕಡೆಯಿಂದ ಹೆಡೆ ಎತ್ತಿ ಬಾಗಿದ ಭಾಗ, ಅದರ ಕೆಳಗೆ ಪುಟ್ಟ ಲಿಂಗ. ಹೆಸರು ಎಲ್ಲಿಂದ ಬಂತು ಅಂತ ಹೇಳುವುದೇ ಬೇಕಿಲ್ಲ. ಹೇಳಬೇಕಾದ್ದು ಮುಂದಿನದು. ಈ ಹೂವಿನಲ್ಲಿ ಮಕರಂದ ಇಲ್ಲ. ಬರುವ ದುಂಬಿಗೆ ಸಿಗುವುದು ಪರಾಗ ಮಾತ್ರ. ಅದರಲ್ಲೂ ಎರಡು ಬಗೆ. ಹೆಡೆಯಲ್ಲಿರುವ ಪರಾಗ ದುಂಬಿಯ ಊಟಕ್ಕೆ, ಅದರಿಂದ ಬೀಜ ಕಟ್ಟುವುದಿಲ್ಲ. ಕೆಳಗಿನ ಬಳೆಯಲ್ಲಿರುವುದು ದುಂಬಿಯ ಬೆನ್ನಿಗೆ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಇದನ್ನು ಹೂವು ಬಿಡಿಸಿ ತೋರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ. "ಇದು ನಾಗಲಿಂಗ, ಪವಿತ್ರ ಮರ, ಮುಂದೆ ಬನ್ನಿ" ಅನ್ನುವವರಾದರೆ ಮುಂದಿನ ಸಲ ಬೇರೆಯವರನ್ನು ಹುಡುಕಿ.

ಹಕ್ಕಿ ನೋಡುವವರಿಗೆ ಇನ್ನೊಂದು ತುದಿಯ ಕೆರೆ ಇದೆ. ನೀರುಕಾಗೆ, ಮಿಂಚುಳ್ಳಿ, ಬೆಳ್ಳಕ್ಕಿ ಸುಲಭವಾಗಿ ಸಿಗುತ್ತವೆ. ಹೆಜ್ಜಾರ್ಲೆಯೂ ಕಾಣಿಸಬಹುದು. ಅಲ್ಲಿಗೆ ಹೋದಾಗ ಬಿಳಿ ಬೂರುಗದ ದೈತ್ಯ ಮರವನ್ನೂ ನೋಡಿ. ಅದರ ಬುಡದ ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿವೆ.

ತೊಂದರೆಗಳೂ ಇವೆ. ಜಾಗ ದೊಡ್ಡದು. ಬಂಡೆ ಒಂದು ತುದಿ, ಕೆರೆ ಇನ್ನೊಂದು ತುದಿ. ಎರಡು ಗಂಟೆಯಲ್ಲಿ ಎಲ್ಲ ತೋರಿಸುತ್ತೇವೆ ಅಂದವರು ನಿಮ್ಮನ್ನು ಓಡಿಸುತ್ತಾರೆ ಅಂತಲೇ ಅರ್ಥ. ಹಗಲು ಹೊತ್ತು ಒಳಗೆ ಹೋಗಲು ಟಿಕೆಟ್ ಇದೆ, ಅದು ವಾಕ್‌ನ ಶುಲ್ಕದಲ್ಲಿ ಸೇರಿದೆಯಾ ಕೇಳಿಕೊಳ್ಳಿ. ಗೇಟುಗಳು ನಾಲ್ಕು. ಯಾವ ಗೇಟಿನಲ್ಲಿ ಸೇರಬೇಕು ಅಂತ ಖಚಿತ ಮಾಡಿಕೊಳ್ಳದೆ ಹೊರಟರೆ ತಪ್ಪು ಗೇಟಿನಲ್ಲಿ ನಿಂತು ಫೋನ್ ಮಾಡುತ್ತಾ ಇರಬೇಕಾಗುತ್ತದೆ. ಮೆಟ್ರೊದಲ್ಲಿ ಬಂದರೆ ಹತ್ತಿರ ಪಶ್ಚಿಮದ ಗೇಟು, ಬಂಡೆ ಅಲ್ಲಿಂದ ದೂರ.

ಕಬ್ಬನ್ ಪಾರ್ಕ್

ಲಾಲ್‌ಬಾಗ್ ತೋಟವಾಗಿ ಹುಟ್ಟಿತು. ಕಬ್ಬನ್ ಪಾರ್ಕ್ ಹುಟ್ಟಿದ್ದು ಆಳುವವರ ಅಂಗಳವಾಗಿ. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡರೆ ಅಲ್ಲಿ ನೋಡುವುದೆಲ್ಲ ಅರ್ಥವಾಗುತ್ತಾ ಹೋಗುತ್ತದೆ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಒಡೆಯರಿಂದ ಕಿತ್ತುಕೊಂಡರು. 1881ರಲ್ಲಿ ಹಿಂದಕ್ಕೆ ಕೊಟ್ಟರು. ಈ ಐವತ್ತು ವರ್ಷದ ನಡುವೆ, 1870ರಲ್ಲಿ, ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಈ ಪಾರ್ಕ್ ಮಾಡಿಸಿದರು. ಹೌದು, ಸ್ಯಾಂಕಿ ಕೆರೆಯ ಸ್ಯಾಂಕಿಯೇ. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು, ಮಧ್ಯೆ ಈ ಹಸಿರು. ಮೊದಲು ಇದ್ದ ಹೆಸರು ಮೀಡ್ಸ್ ಪಾರ್ಕ್. ಆಮೇಲೆ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ಬಂತು. ಪಾಪ, ಕಬ್ಬನ್ ಈ ಪಾರ್ಕನ್ನು ನೋಡಲೇ ಇಲ್ಲ. 1861ರಲ್ಲೇ ತೀರಿಕೊಂಡಿದ್ದರು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ ಇದು ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನವಾಯಿತು. ಆಟೊದವರಿಗೆ ಆ ಹೆಸರು ಹೇಳಿ ನೋಡಿ, ತಿರುಗಿ "ಎಲ್ಲಿ ಸಾರ್?" ಅಂತ ಕೇಳುತ್ತಾರೆ.

ಇಲ್ಲಿ ನಡೆಯುವುದು ಅಂದರೆ ಪ್ರತಿಮೆಯಿಂದ ಪ್ರತಿಮೆಗೆ ನಡೆಯುವುದು. ಎಂ.ಜಿ. ರಸ್ತೆ ಕಡೆ ವಿಕ್ಟೋರಿಯಾ ರಾಣಿ, 1906ರದು. ಆಕೆಯ ಮಗ ಏಳನೇ ಎಡ್ವರ್ಡ್, 1919ರದು. ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಮುಂದೆ ಅಯ್ಯರ್, 1913ರದು. ಕೊಳದ ಹತ್ತಿರ ಚಾಮರಾಜೇಂದ್ರ ಒಡೆಯರ್, 1927ರದು. ರಾಣಿ, ದೊರೆ, ದಿವಾನ, ಮಹಾರಾಜ. ಯಾರಿಗೆ ಯಾವ ಜಾಗ ಸಿಕ್ಕಿತು, ಯಾರ ಮುಖ ಯಾವ ಕಡೆಗಿದೆ ಅಂತ ನೋಡುತ್ತಾ ಹೋದರೆ ಆಗಿನ ಅಧಿಕಾರದ ಲೆಕ್ಕಾಚಾರ ಕಾಣುತ್ತದೆ. ಎಲ್ಲಕ್ಕಿಂತ ಸ್ವಾರಸ್ಯ ಕಬ್ಬನ್ ಪ್ರತಿಮೆಯದು. 1866ರ ಆ ಪ್ರತಿಮೆ ಮೊದಲು ಪೆರೇಡ್ ಮೈದಾನದಲ್ಲಿತ್ತು. ಆಮೇಲೆ ಅಠಾರ ಕಚೇರಿಯ ಮುಂದೆ ಬಂತು. ಅಲ್ಲೇ ಬಹಳ ಕಾಲ ಇದ್ದು, 2020ರಲ್ಲಿ ಪಾರ್ಕಿನ ಒಳಗೆ ಬಂದು ನಿಂತಿದೆ. ತನ್ನದೇ ಹೆಸರಿನ ಪಾರ್ಕಿಗೆ ಬರಲು ಕಬ್ಬನ್ನರಿಗೆ 150 ವರ್ಷ ಬೇಕಾಯಿತು.

ಅಠಾರ ಕಚೇರಿ ಅಂದರೆ ಈಗಿನ ಹೈಕೋರ್ಟ್. 1868ರಲ್ಲಿ ಮುಗಿದ ಕೆಂಪು ಕಟ್ಟಡ. ಎದುರಿಗೆ 1956ರ ವಿಧಾನಸೌಧ. ಗೈಡ್ ಇವೆರಡರ ನಡುವೆ ನಿಲ್ಲಿಸಿ ಯಾಕೆ ಒಂದಕ್ಕೊಂದು ಎದುರಾಗಿವೆ ಅಂತ ಮಾತಾಡಿದರೆ ಅದೊಂದೇ ಹದಿನೈದು ನಿಮಿಷಕ್ಕೆ ಸಾಕಾಗುವಷ್ಟಿದೆ. ಕಸ್ತೂರಬಾ ರಸ್ತೆ ಕಡೆ 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ. ಮಧ್ಯದಲ್ಲಿ ಕಬ್ಬಿಣದ ಬ್ಯಾಂಡ್‌ಸ್ಟ್ಯಾಂಡ್. ಕೇಂದ್ರ ಗ್ರಂಥಾಲಯ ಇರುವುದು ಶೇಷಾದ್ರಿ ಅಯ್ಯರ್ ಭವನದಲ್ಲೇ.

ಹಾಗಂತ ಮರಗಳು ಕಡಿಮೆ ಅಂತಲ್ಲ. ಬಿದಿರಿನ ಮೆಳೆ ಇದೆ, ಸಿಲ್ವರ್ ಓಕ್ ಸಾಲು ಇದೆ, ಮಳೆಮರದ ನೆರಳಿದೆ, ಅಲ್ಲಲ್ಲಿ ಬಂಡೆಯೂ ಇದೆ. ಟಬೆಬುಯಾ ಅರಳಿದ ದಿನಗಳಲ್ಲಿ ಲಾಲ್‌ಬಾಗನ್ನು ಮರೆಸಿಬಿಡುತ್ತದೆ. ಆದರೆ ಗಿಡಮರದ ವಿಷಯದಲ್ಲಿ ವೈವಿಧ್ಯ ಬೇಕು ಅಂದರೆ ಲಾಲ್‌ಬಾಗೇ ಮುಂದು, ಅದರಲ್ಲಿ ಎರಡು ಮಾತಿಲ್ಲ.

ಕಬ್ಬನ್ ಪಾರ್ಕಿಗೆ ಟಿಕೆಟ್ ಇಲ್ಲ. ನೆಲ ಹೆಚ್ಚುಕಡಿಮೆ ಸಮತಟ್ಟು. ಬೇಕೆನಿಸಿದ ಕಡೆ ಕೂರಬಹುದು, ಸುಸ್ತಾದರೆ ಅರ್ಧದಲ್ಲಿ ಬಿಟ್ಟು ಮೆಟ್ರೊ ಹತ್ತಬಹುದು. ತೊಂದರೆ ಅಂದರೆ ವಾಹನ. ವಾರದ ದಿನ ಪಾರ್ಕಿನ ಒಳಗಿನ ರಸ್ತೆಗಳಲ್ಲೇ ಗಾಡಿಗಳು ಓಡುತ್ತವೆ. ಗೈಡ್ ಹೇಳಿದ್ದರಲ್ಲಿ ಅರ್ಧ ಹಾರ್ನ್ ನುಂಗುತ್ತದೆ. ಭಾನುವಾರ ಒಳಗೆ ವಾಹನ ಬಿಡುವುದಿಲ್ಲ, ಹಾಗಾಗಿ ಭಾನುವಾರವೇ ಸರಿ. ಆದರೆ ಎಂಟು ಗಂಟೆ ದಾಟಿದರೆ ಮಕ್ಕಳು, ಸೈಕಲ್ಲು, ನಾಯಿಗಳು, ಫೋಟೊ ತೆಗೆಸಿಕೊಳ್ಳುವವರು ಎಲ್ಲ ಸೇರಿ ಜಾತ್ರೆ. ಬೇಗ ಶುರುವಾಗುವ ವಾಕ್ ಆರಿಸಿ.

ಎಂಥ ಗೈಡ್?

ಹೆರಿಟೇಜ್ ಮತ್ತು ನೇಚರ್ ಎರಡೂ ಅಂತ ಪೋಸ್ಟರಿನಲ್ಲಿ ಇದ್ದರೂ ಬಹಳ ಸಲ ಗೈಡ್ ಒಂದರಲ್ಲಿ ಮಾತ್ರ ಗಟ್ಟಿ. ಇತಿಹಾಸ ಹೇಳುವವರಿಗೆ ಮರ ಅಂದರೆ ನೆರಳು. ಮರ ಬಲ್ಲವರಿಗೆ ಕಟ್ಟಡ ಅಂದರೆ ಅಡ್ಡ. ಈ ಎರಡು ಪಾರ್ಕುಗಳಲ್ಲಿ ಅವನ್ನು ಬೇರೆ ಮಾಡೋಕೆ ಬರುವುದೇ ಇಲ್ಲ, ಯಾಕೆಂದರೆ ಪ್ರತಿ ಮರವನ್ನೂ ಯಾರೋ ಎಲ್ಲಿಂದಲೋ ಏನೋ ಉದ್ದೇಶಕ್ಕೆ ತಂದು ನೆಟ್ಟಿದ್ದಾರೆ. ಎರಡನ್ನೂ ಸೇರಿಸಿ ಹೇಳುವವರು ಸಿಕ್ಕುವುದು ಕಷ್ಟ. ಸಿಗದಿದ್ದರೆ ಲಾಲ್‌ಬಾಗ್‌ಗೆ ಮರ ಬಲ್ಲವರನ್ನೂ ಕಬ್ಬನ್ ಪಾರ್ಕಿಗೆ ಇತಿಹಾಸ ಬಲ್ಲವರನ್ನೂ ಹಿಡಿಯಿರಿ. ಅದಲು ಬದಲು ಮಾಡಿದರೆ ಎರಡೂ ಕೆಡುತ್ತವೆ.

ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: "ಎಲ್ಲೆಲ್ಲಿ ನಿಲ್ಲಿಸುತ್ತೀರಿ?" ಹದಿನೆಂಟು ಇಪ್ಪತ್ತು ಜಾಗದ ಪಟ್ಟಿ ಬಂದರೆ ಅನುಮಾನ ಪಡಿ. ಏಳೆಂಟು ಜಾಗ ಹೇಳಿ, ಅಲ್ಲಿ ಯಾಕೆ ಅಂತಲೂ ಹೇಳಿದರೆ ನಂಬಬಹುದು. ಗುಂಪಿನಲ್ಲಿ ಎಷ್ಟು ಜನ ಅನ್ನುವುದನ್ನೂ ಕೇಳಿ. ಹದಿನೈದು ದಾಟಿದರೆ ಹಿಂದೆ ನಿಂತವರಿಗೆ ಏನೂ ಕೇಳಿಸುವುದಿಲ್ಲ, ಹೂವು ಬಿಡಿಸಿ ತೋರಿಸಿದರೆ ಮುಂದಿನ ನಾಲ್ಕು ಜನರಿಗೆ ಮಾತ್ರ ಕಾಣುತ್ತದೆ. ಕೈಯಲ್ಲಿ ಮೈಕ್ ಹಿಡಿದು ಬರುವವರಿದ್ದಾರೆ. ಹಕ್ಕಿ ನೋಡುವ ವಾಕ್‌ಗೆ ಮೈಕ್! ಅದಕ್ಕಿಂತ ಮನೆಯಲ್ಲಿ ಮಲಗುವುದು ವಾಸಿ.

ಭಾಷೆಯನ್ನೂ ಕೇಳಿ. ಬಹಳ ವಾಕ್‌ಗಳು ಇಂಗ್ಲಿಷಿನಲ್ಲೇ ನಡೆಯುತ್ತವೆ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಕನ್ನಡದಲ್ಲಿ ಹೇಳುತ್ತೀರಾ ಅಂತ ಸ್ಪಷ್ಟವಾಗಿ ಕೇಳುವುದು ಒಳ್ಳೆಯದು. ಇನ್ನೊಂದು ಲಾಭವೂ ಇದೆ. ಹೊಂಗೆ, ಅತ್ತಿ, ಬೂರುಗ, ಕುಟ್ರುಹಕ್ಕಿ ಅಂದ ತಕ್ಷಣ ಅಜ್ಜಿ ತಾತ ತಮ್ಮ ಊರಿನ ಕಥೆ ಶುರು ಮಾಡುತ್ತಾರೆ, ಗೈಡ್‌ಗೂ ಗೊತ್ತಿಲ್ಲದ ವಿಷಯ ಹೊರಗೆ ಬರುತ್ತದೆ.

ಉಚಿತ ವಾಕ್ ಇದೆ, ಶುಲ್ಕದ್ದೂ ಇದೆ. ಉಚಿತದಲ್ಲಿ ಉತ್ಸಾಹ ಜಾಸ್ತಿ, ಸಮಯದ ಶಿಸ್ತು ಕಡಿಮೆ, ಗುಂಪು ದೊಡ್ಡದು. ಹಕ್ಕಿ ನೋಡುವವರ ಉಚಿತ ವಾಕ್‌ಗಳು ಮಾತ್ರ ಇದಕ್ಕೆ ಹೊರತು. ಅವರು ಬೈನಾಕ್ಯುಲರ್ ಕೈಗೆ ಕೊಟ್ಟು ಸುಮ್ನೆ ನಿಲ್ಲುವುದನ್ನು ಕಲಿಸುತ್ತಾರೆ. ಗೈಡ್ ಇಲ್ಲದೆ ನಾವೇ ಹೋದರೆ ಆಗಲ್ವಾ? ಆಗುತ್ತದೆ. ಕಬ್ಬನ್ ಪಾರ್ಕಿನಲ್ಲಿ ಪ್ರತಿಮೆಗಳ ಕೆಳಗೆ ಬರಹ ಇದೆ, ಮೊದಲೇ ಸ್ವಲ್ಪ ಓದಿಕೊಂಡು ಹೋದರೆ ಸಾಕು. ಲಾಲ್‌ಬಾಗ್‌ನಲ್ಲಿ ಅದು ಕಷ್ಟ. ಎಷ್ಟೋ ಮರಗಳ ಮೇಲೆ ಹೆಸರಿನ ಫಲಕ ಇದೆ ನಿಜ, ಆದರೆ ಹೆಸರು ಓದಿದ ಮಾತ್ರಕ್ಕೆ ಮರ ಗೊತ್ತಾಗುವುದಿಲ್ಲ. ಹಾಗಾಗಿ ದುಡ್ಡು ಖರ್ಚು ಮಾಡುವುದಾದರೆ ಲಾಲ್‌ಬಾಗ್ ಗೈಡ್‌ಗೇ ಮಾಡಿ.

ಯಾವಾಗ, ಯಾರ ಜೊತೆ

ನವೆಂಬರ್‌ನಿಂದ ಫೆಬ್ರವರಿವರೆಗೆ ಹಕ್ಕಿಗಳ ಕಾಲ. ವಲಸೆ ಹಕ್ಕಿಗಳು ಬಂದಿರುತ್ತವೆ, ಬೆಳಗಿನ ಚಳಿಯೂ ಹಿತ. ಆಗ ಲಾಲ್‌ಬಾಗ್ ಕೆರೆ. ಫೆಬ್ರವರಿ ಮಾರ್ಚ್‌ನಲ್ಲಿ ಹಳದಿ ಟಬೆಬುಯಾ, ಹೊಂಗೆಯ ಎಳೆ ಚಿಗುರು, ಜಕರಂಡ. ಆಗ ಕಬ್ಬನ್ ಪಾರ್ಕ್. ಏಪ್ರಿಲ್ ಮೇ ಗುಲ್‌ಮೊಹರ್ ಕಾಲ, ಎರಡೂ ಕಡೆ ಚೆಂದ, ಆದರೆ ಬೆಳಗ್ಗೆ ಒಂಬತ್ತರೊಳಗೆ ಮುಗಿಯುವ ವಾಕ್ ಆಗಿರಬೇಕು. ಲಾಲ್‌ಬಾಗ್ ಬಂಡೆ ಬಿಸಿಲಿಗೆ ಕಾದರೆ ಮೇಲೆ ನಿಲ್ಲೋಕೆ ಆಗುವುದಿಲ್ಲ. ಜೋರು ಗಾಳಿ ಮಳೆ ಬಂದ ಮಾರನೇ ದಿನ ಹಳೆಯ ಮರಗಳ ಕೆಳಗಿನ ವಾಕ್ ಮುಂದೂಡಿದರೆ ಬೇಜಾರು ಮಾಡಿಕೊಳ್ಳಬೇಡಿ, ಕೊಂಬೆ ಬೀಳುವುದು ಆಗಲೇ.

ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸು ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ. ಅದನ್ನು ನೋಡಬೇಕಾದರೆ ಅದಕ್ಕೇ ಹೋಗಿ. ವಾಕ್ ಮಾತ್ರ ಆ ದಿನಗಳಲ್ಲಿ ಬೇಡ. ಆ ಜನಜಂಗುಳಿಯಲ್ಲಿ ಗೈಡನ್ನೇ ಹುಡುಕಬೇಕಾಗುತ್ತದೆ.

ಚಿಕ್ಕ ಮಕ್ಕಳ ಜೊತೆ ಹೋಗುವುದಾದರೆ ಕಬ್ಬನ್ ಪಾರ್ಕ್ ಕಡೆ ಒಲವು ಇರಲಿ. ಬೇಜಾರಾದರೆ ಬಾಲಭವನ ಪಕ್ಕದಲ್ಲೇ ಇದೆ. ದಾರಿಯಲ್ಲಿ ನೀರುಕಾಯಿ ಮರ ಸಿಕ್ಕಿ ಕೆಳಗೆ ಮೊಗ್ಗು ಬಿದ್ದಿದ್ದರೆ ಒಂದನ್ನು ಮಗುವಿನ ಕೈಗೆ ಕೊಡಿ. ಹಿಸುಕಿದರೆ ನೀರು ಚಿಮ್ಮುತ್ತದೆ, ಆಮೇಲೆ ಇತಿಹಾಸ ಯಾರಿಗೂ ಬೇಡ. ಸ್ವಲ್ಪ ದೊಡ್ಡ ಮಕ್ಕಳು, ಹತ್ತು ಹನ್ನೆರಡರ ಮೇಲಿನವರು, ಲಾಲ್‌ಬಾಗ್ ಬಂಡೆಗೆ ಸರಿ. ಮಂಡಿನೋವಿನ ಹಿರಿಯರಿಗೆ ಕಬ್ಬನ್ ಪಾರ್ಕ್ ಹಗುರ. ಲಾಲ್‌ಬಾಗೇ ಬೇಕು ಅಂತ ಹಟ ಹಿಡಿದರೆ ಒಳಗೆ ಬ್ಯಾಟರಿ ಗಾಡಿ ಇದೆ. ಆದರೆ ಗಾಡಿಯಲ್ಲಿ ಕೂತವರಿಗೂ ನಡೆಯುವವರಿಗೂ ಒಂದೇ ಗೈಡ್ ಆಗುವುದಿಲ್ಲ.

ಹೊರಗಿನ ಊರಿಂದ ನೆಂಟರು ಬಂದಿದ್ದಾರೆ, ಒಂದೇ ದಿನ ಇದೆ, ಎರಡನ್ನೂ ತೋರಿಸಬೇಕು ಅಂದರೆ ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ಗೈಡ್ ಜೊತೆ ಬಂಡೆ, ಗಾಜಿನ ಮನೆ, ಒಂದಷ್ಟು ಮರ ಮುಗಿಸಿ. ಹೊಟ್ಟೆ ತುಂಬ ತಿಂಡಿ ತಿಂದು ಹಸಿರು ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ. ಕಬ್ಬನ್ ಪಾರ್ಕನ್ನು ಸಂಜೆ ಬಿಸಿಲು ಇಳಿದ ಮೇಲೆ ನೀವೇ ತೋರಿಸಿ, ಹೈಕೋರ್ಟ್ ಕಡೆಯಿಂದ ಶುರು ಮಾಡಿ ವಿಕ್ಟೋರಿಯಾ ಪ್ರತಿಮೆಗೆ ಮುಗಿಸಿ. ಅಲ್ಲಿಂದ ಎಂ.ಜಿ. ರಸ್ತೆ ಎದುರಿಗೇ ಇದೆ.